ಪದವಿ ಪಡೆದ ಮೂಗು

ಮಗಳ ಘಟಿಕೋತ್ಸವವನ್ನು ನಾನೇ ನಡೆಸಿಕೊಡುತ್ತೇನೆ ಎಂದು ಘೋಷಿಸಿಬಿಟ್ಟೆ! ಓದಿದ್ದು ನಾಲ್ಕನೇ ತರಗತಿ. ಆದರೇನು, ಧೈರ್ಯಕ್ಕೆ ಪರೀಕ್ಷೆ ಉಂಟೇ?

ಆ ವರ್ಷ ವಿಶ್ವವಿದ್ಯಾಲಯದ ಸಭಾಂಗಣಕ್ಕೆ ಬೀಗ. ಸಮಾರಂಭವೆಲ್ಲ ಕಂಪ್ಯೂಟರಿನಲ್ಲೇ. ಮಕ್ಕಳು ಮನೆಯಲ್ಲೇ ಕರಿ ಗೌನು ತೊಟ್ಟು, ತಲೆಬಾಗಿ, ನಕ್ಕು, ವಿಡಿಯೋ ಮಾಡಿ ಕಳಿಸಬೇಕು. ಹೆಸರು ಕರೆದಾಗ ಅದನ್ನು ತೋರಿಸುತ್ತಾರಂತೆ.

ನನ್ನ ಗಂಡ ಅದೇ ಸಭಾಂಗಣದ ಬಾಗಿಲು ಕಾಯುತ್ತಿದ್ದರು. ಪ್ರತಿ ವರ್ಷ ಕಂಡವರ ಮಕ್ಕಳ ಹೆಸರನ್ನು ಬಾಗಿಲಾಚೆ ನಿಂತು ಕೇಳಿದವರು. "ನಮ್ಮ ಹುಡುಗಿ ಸರದಿ ಬರ್ಲಿ. ಅವತ್ತು ರಜ ಹಾಕಿ ಒಳಗೇ ಕೂರ್ತೀನಿ" ಎನ್ನುತ್ತಿದ್ದರು. ಸರದಿ ಬರುವ ಮೊದಲೇ ದೊಡ್ಡ ರಜ ಹಾಕಿ ಹೋದರು.

"ಸ್ಟುಡಿಯೋದವರನ್ನ ಕರೆಯೋಣಮ್ಮ" ಎಂದಳು ಮಗಳು.

"ಯಾಕೆ, ನಾನೂ ಸತ್ತಿದ್ದೀನಾ?"

"ಸರಿ ಮಾರಾಯ್ತಿ. ಅಪ್ಪನ ಫೋಟೋ ಆದ್ರೂ ನನ್ನ ಹಿಂದೆ ಇರ್ಲಿ."

"ಬೇಡ. ಖಾಲಿ ಗೋಡೆ ಇರ್ಬೇಕು ಅಂತ ಯೂನಿವರ್ಸಿಟಿಯವ್ರೇ ಹೇಳಿದ್ದಾರೆ."

ಹಾಗೆ ಯಾರೂ ಹೇಳಿರಲಿಲ್ಲ. ಆ ಫೋಟೋ ಕಣ್ಣೆದುರಿದ್ದರೆ ನನ್ನ ಕೈ ನಡುಗುತ್ತದೆ, ಅಷ್ಟೇ. ಅದು ಆಚೆ ಗೋಡೆಯಲ್ಲೇ ಇರಲಿ ಎಂದು ಅದಕ್ಕೆ ಬೆನ್ನು ಹಾಕಿ ನಿಂತೆ.

ಸ್ಟೂಲಿನ ಮೇಲೆ ಹಿಟ್ಟಿನ ಡಬ್ಬಿ, ಅದರ ಮೇಲೆ ಸಕ್ಕರೆ ಡಬ್ಬಿ, ಶಿಖರದಲ್ಲಿ ಮಗಳ ಮೊಬೈಲು!

"ಅಮ್ಮ, ಕೆಂಪು ಚುಕ್ಕೆ ಒತ್ತಿದ್ರೆ ಶುರು. ಬಾಣದ ಗುರುತು ಮುಟ್ಬೇಡ, ನೇರ ಯೂನಿವರ್ಸಿಟಿಗೇ ಹೋಗ್ಬಿಡತ್ತೆ. ಒಂದೇ ಸಲ ಕಳಿಸೋಕಾಗೋದು. ಮೊದ್ಲು ನನಗೆ ತೋರ್ಸು."

"ನಿನಗೆ ನಡೆಯೋದು ಕಲಿಸಿದವಳಿಗೇ ಪಾಠ ಹೇಳ್ತೀಯಾ?"

ಅಷ್ಟರಲ್ಲಿ ಮೊಬೈಲು ಜಾರಿತು. ಗಬಕ್ಕನೆ ಹಿಡಿದೆ. ಹೆಬ್ಬೆರಳು ಎಲ್ಲೆಲ್ಲಿ ಬಿತ್ತೋ ದೇವರೇ ಬಲ್ಲ. ಮತ್ತೆ ಶಿಖರಕ್ಕೇರಿಸಿ ಚುಕ್ಕೆ ಒತ್ತಿದೆ. ಗೌನು ತೊಟ್ಟು ನಿಂತವಳನ್ನು ನೋಡಿದ್ದೇ ಕನ್ನಡಕ ಮಂಜಾಯಿತು. ತೆಗೆದಿಟ್ಟೆ. ಮೊಬೈಲಿನ ಗೊಡವೆ ಬಿಟ್ಟು ಅವಳನ್ನೇ ನೋಡಿದೆ.

"ಗಲ್ಲ ಎತ್ತೇ! ಬಾಗು! ಈಗ ನಗು!"

ಮಗುವಿಗೆ ತುತ್ತು ಕೊಡುವಾಗ ನಮ್ಮ ಬಾಯಿಯೂ ತೆರೆದುಕೊಳ್ಳುತ್ತದಲ್ಲ, ಹಾಗೆ ನಾನೂ ಗಲ್ಲ ಎತ್ತಿದೆ, ಬಾಗಿದೆ, ಹಲ್ಲು ಕಿರಿದೆ. ತೋಳಿನಿಂದ ಮೂಗು ಒರೆಸಿಕೊಂಡೆ.

"ತೋರ್ಸಮ್ಮ."

"ಬಂಗಾರದ ಹಾಗೆ ಬಂದಿದೆ!" ಎಂದು ಬಾಣವನ್ನು ಒತ್ತಿಯೇಬಿಟ್ಟೆ.

ಸಮಾರಂಭದ ದಿನ ಇಬ್ಬರೂ ಕಂಪ್ಯೂಟರಿನ ಮುಂದೆ ಕೂತೆವು. ಮಗಳ ಹೆಸರು ಕರೆದರು. ಪ್ರಥಮ ದರ್ಜೆ ಎಂದರು. ಪರದೆಯ ತುಂಬ ಒಂದು ಮೂಗು! ಅದರ ಸುತ್ತ ನಾನು! ಜಾರಿದಾಗ ಬಿದ್ದ ಹೆಬ್ಬೆರಳು ಕ್ಯಾಮೆರಾವನ್ನು ನನ್ನತ್ತಲೇ ತಿರುಗಿಸಿತ್ತು. "ಗಲ್ಲ ಎತ್ತೇ!" ಎಂದು ಇಡೀ ವಿಶ್ವವಿದ್ಯಾಲಯಕ್ಕೆ ಅಪ್ಪಣೆ ಕೊಟ್ಟು, ನಾನೇ ಎತ್ತಿ, ಬಾಗಿ, ನಕ್ಕು, ಪದವೀಧರೆಯಾದೆ!

ಮುಂದಿನ ಹೆಸರು ಬಂತು. ಮೊಬೈಲು ಹೊಡೆದುಕೊಂಡಿತು, ನನ್ನ ಮೈದುನ.

"ಅತ್ತಿಗೆ, ಕದ್ದುಮುಚ್ಚಿ ಯಾವಾಗ ಓದಿದ್ರಿ? ನಮಗೊಂದು ಮಾತು ಹೇಳ್ಬಾರ್ದಾ?"

ಇಟ್ಟುಬಿಟ್ಟೆ. ಅವಳ ಬದುಕಿನಲ್ಲಿ ಒಂದೇ ಸಲ ಬರುವ ಗಳಿಗೆ. ಅದನ್ನು ನನ್ನ ಮೂಗು ನುಂಗಿತ್ತು.

"ಸ್ಟುಡಿಯೋದವರನ್ನ ಕರೀಬೇಕಿತ್ತು ಕಣೇ" ಎಂದೆ.

ಮಗಳು ವಿಡಿಯೋ ಹಿಂದಕ್ಕೆ ಎಳೆದಳು. ಮತ್ತೆ ನೋಡಿದಳು. ಇನ್ನೊಮ್ಮೆ ಎಳೆದು, ನಿಲ್ಲಿಸಿ, ಬೆರಳಿಟ್ಟು ತೋರಿಸಿದಳು. ನನ್ನ ಕಿವಿಯ ಪಕ್ಕ, ಹಿಂದಿನ ಗೋಡೆಯಲ್ಲಿ, ಅವರು. ಕಾವಲಿನ ಟೋಪಿ ಹಾಕಿಕೊಂಡು ನೆಟ್ಟಗೆ.

"ನೋಡಮ್ಮ, ಅಪ್ಪ ಒಳಗೆ ಬಂದಿದ್ದಾರೆ."

ನಾನು ನೋಡೇ ಇರಲಿಲ್ಲ. ಅಷ್ಟು ಹೊತ್ತೂ ನನ್ನ ಮೂಗನ್ನೇ ನೋಡುತ್ತಿದ್ದೆ. ಈಗ ನೋಡಿದೆ. ಕೈ ನಡುಗಿತು. ನಡುಗಲಿ ಎಂದು ಬಿಟ್ಟೆ.

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಇನ್ನೂ ಓದ್ತೀನಿ. ಆ ಪದವಿಗೆ ಮಾತ್ರ ಸ್ಟುಡಿಯೋದವರೇ ಬರ್ಲಿ. ನೀನು ಅಪ್ಪನ ಪಕ್ಕ ಸುಮ್ನೆ ಕೂತ್ಕೋ."

"ಅಪ್ಪನ ಪಕ್ಕನಾ? ಗೋಡೆ ಮೇಲಾ? ಸ್ವಲ್ಪ ತಡಿಯೇ ತಾಯಿ, ಈಗಷ್ಟೇ ಪಾಸಾಗಿದ್ದೀನಿ!"