ಗಂಗಣ್ಣನ ದನಿ, ನಮ್ಮ ಸಂಪು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆವತ್ತು ತುಮಕೂರಿನ ಸದಾಶಿವನಗರದ ನಮ್ಮ ಬೀದಿಯಲ್ಲಿ ಅಷ್ಟೂ ಮನೆಗಳ ಸಂಪು ಬರಿದಾಗಿದ್ದಕ್ಕೆ ಬಿಸಿಲು ಕಾರಣವಲ್ಲ, ನೀರು ಬಿಡುವವರೂ ಕಾರಣವಲ್ಲ, ನನ್ನ ಗಂಟಲು ಕಾರಣ. ದೇವರು ಕೆಲವರಿಗೆ ಹಾಡುವ ಕಂಠ ಕೊಡುತ್ತಾನೆ, ಕೆಲವರಿಗೆ ಜಗಳವಾಡುವ ಕಂಠ. ನನಗೆ ಊರಿನವರ ಕಂಠಗಳನ್ನೆಲ್ಲ ಕೊಟ್ಟು, ನನ್ನದೊಂದನ್ನು ಕೊಡುವುದನ್ನು ಮರೆತಿದ್ದಾನೆ. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ನಮ್ಮ ಸೂಪರ್‌ವೈಸರ್ ಕೆಮ್ಮಿದ ಹಾಗೆ ನಾನು ಕೆಮ್ಮಿದರೆ, ತೂಕಡಿಸುವವರೆಲ್ಲ ಎದ್ದು ಕೂರುತ್ತಾರೆ. ಒಮ್ಮೆ ಸೂಪರ್‌ವೈಸರ್ರೇ ಗಾಬರಿಯಿಂದ ಎದ್ದು ಕೂತರು. ಅವರೂ ಅಲ್ಲೇ ಮೂಲೆಯಲ್ಲಿ ತೂಕಡಿಸುತ್ತಿದ್ದರೆಂದು ನನಗೇನು ಗೊತ್ತು?

ನನ್ನ ಸಂಗ್ರಹದಲ್ಲಿ ಎಲ್ಲಕ್ಕಿಂತ ಜನಪ್ರಿಯವಾದ ದನಿ ಗಂಗಣ್ಣನದು. ಗಂಗಣ್ಣ ನಮ್ಮ ಬೀದಿಗೆ ನೀರು ಬಿಡುವಾತ. ನಲ್ಲಿಯಲ್ಲಿ ನೀರು ದಿನಾ ಬರುವುದಿಲ್ಲ. ಯಾವಾಗ ಬರುತ್ತದೆ ಎಂಬುದು ಗಂಗಣ್ಣ ಬೀದಿಯ ವಾಟ್ಸಾಪ್ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದಾಗಲೇ ತಿಳಿಯುವುದು. ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡು, ಪ್ರತಿ ಮಾತನ್ನೂ ಮೂಗಿನ ಕಡೆಯಿಂದ ಒಂದು ಸುತ್ತು ಹಾಕಿಸಿ ಕಳಿಸುವ ದನಿ ಅದು. ಆ ದನಿ ಕೇಳಿದರೆ ಬೀದಿಯ ಹೆಂಗಸರು ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡುತ್ತಾರೆ. ನಾನು ಹತ್ತು ಸಲ ಕರೆದರೂ ಬಾರದ ನಮ್ಮಮ್ಮ ಕೂಡ!

ಅಕ್ಕ ಸೌಮ್ಯ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಭಾನುವಾರ ಮಗುವಿನ ನಾಮಕರಣ. ಅಕ್ಕನ ಅತ್ತೆ ನಂಜಮ್ಮನವರು ಕುಣಿಗಲ್ಲಿನಿಂದ ಬರುವವರಿದ್ದರು. ನಂಜಮ್ಮನವರೆಂದರೆ ಅಮ್ಮನಿಗೆ ಗೌರವ, ಭಯ ಮತ್ತು ಒಂದು ಹಳೆಯ ಗಾಯ. ಹಿಂದಿನ ಸಲ ಬಂದಾಗ ಅವರು ಲೋಟ ಎತ್ತಿ ಬೆಳಕಿಗೆ ಹಿಡಿದು, ಒಂದು ಗುಟುಕು ಕುಡಿದು, ಕೆಳಗಿಟ್ಟು, "ಯಾಕೋ ಒಗರು ಕಣ್ರೀ, ಗಂಟ್ಲಲ್ಲಿ ಇಳೀತಿಲ್ಲ" ಎಂದು ಚೀಲದಿಂದ ಕುಣಿಗಲ್ಲಿನ ನೀರಿನ ಬಾಟಲಿ ತೆಗೆದಿದ್ದರು. ಪಕ್ಕದಲ್ಲೇ ಕೂತಿದ್ದ, ಗುಬ್ಬಿಗೆ ಮದುವೆಯಾಗಿ ಹೋದ ಅಪ್ಪನ ತಂಗಿ, ನಮ್ಮ ಗುಬ್ಬಿ ಅತ್ತೆಯಾದರೂ ತವರಿನ ಮಾನ ಉಳಿಸಬೇಕಿತ್ತು ತಾನೇ? "ನಮ್ ಗುಬ್ಬಿ ನೀರಾದ್ರೆ ತೊಗರಿಬೇಳೆ ಬೆಣ್ಣೆ ಥರ ಬೇಯುತ್ತೆ" ಎಂದು ಆಕೆ ತಮ್ಮ ಊರಿನ ಬಾವುಟ ಹಾರಿಸಿದರು. ತುಮಕೂರಿನ ಪರವಾಗಿ ಮಾತಾಡಲು ಉಳಿದವರು ಅಮ್ಮ ಒಬ್ಬರೇ. ಅಂದಿನಿಂದ ಅಮ್ಮನದು ಒಂದೇ ಹಟ. ಈ ಸಲ ಬೀಗಿತ್ತಿ ನಮ್ಮ ಮನೆಯ ನೀರನ್ನು ಲೋಟದ ತಳ ಕಾಣುವವರೆಗೆ ಕುಡಿಯಬೇಕು.

ಶನಿವಾರ ಬೆಳಿಗ್ಗೆ ಬೇಜಾರಿನಲ್ಲಿದ್ದ ಅಕ್ಕನನ್ನು ನಗಿಸೋಣವೆಂದು ಫ್ಯಾಕ್ಟರಿಯಿಂದಲೇ ಮನೆಯವರ ಗ್ರೂಪಿಗೆ ಗಂಗಣ್ಣನಾಗಿ ಮಾತಾಡಿ ಕಳಿಸಿದೆ: "ಅಕ್ಕೋರೇ, ನಾಳೆ ಬೆಳಿಗ್ಗೆ ಹೊಳೆ ನೀರು ಬುಡ್ತೀನಿ. ಹಳೇ ನೀರೆಲ್ಲ ಚೆಲ್ಲಿ, ಸಂಪ್ ತೊಳ್ಕಂಡು ರೆಡಿಯಾಗಿರಿ." ಕೆಳಗೆ ನಗುವ ಮುಖಗಳ ಸಾಲನ್ನೇ ಹಾಕಿದ್ದೆ. ಆದರೆ ಕನ್ನಡಕವಿಲ್ಲದ ಅಮ್ಮ ಮುಖ ನೋಡುವುದಿಲ್ಲ, ದನಿ ಮಾತ್ರ ಕೇಳುತ್ತಾರೆ. ಕೇಳಿ ಸುಮ್ಮನಿದ್ದಿದ್ದರೆ ಒಂದು ಸಂಪಿಗೆ ಮುಗಿಯುತ್ತಿತ್ತು. ಪರೋಪಕಾರಿ ಜೀವ, ಮಗುವಿನ ಜೊತೆ ಮಲಗಿದ್ದ ಅಕ್ಕ ಎದ್ದು ಕೇಳಿ ನಗುವ ಮೊದಲೇ ಬೀದಿಯ ಗ್ರೂಪಿಗೂ ಫಾರ್ವರ್ಡ್ ಮಾಡಿದರು.

ಸಂಜೆ ನಾನು ಬರುವಷ್ಟರಲ್ಲಿ ಬೀದಿಯೇ ಕಾಲುವೆ. ಪ್ರತಿ ಗೇಟಿನಿಂದಲೂ ಸಂಪಿನ ನೀರು ಹರಿದು ಬರುತ್ತಿತ್ತು. ಯಾರಪ್ಪಾ ಇಷ್ಟು ನೀರು ಹಾಳು ಮಾಡಿದ ಪುಣ್ಯಾತ್ಮರು ಎಂದು ನಾಗರಿಕನಾಗಿ ಸಿಟ್ಟು ಮಾಡಿಕೊಂಡು ಒಳಗೆ ಹೋದರೆ, ನಮ್ಮ ಸಂಪಿನೊಳಗೆ ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಪೊರಕೆ ಹಿಡಿದು ನಿಂತಿದ್ದಾರೆ! "ಗಂಗಣ್ಣ ಹೇಳವ್ನೆ ಕಣೋ" ಎಂದರು ಸಂಪಿನಿಂದ.

ಹೇಳಬೇಕಾಯಿತು. ಹೇಳಿದೆ. ಅಪ್ಪ ಸಂಪಿನಿಂದ ಹತ್ತಿ ಬರುವುದಕ್ಕೆ ತೆಗೆದುಕೊಂಡ ಸಮಯವೇ ನನಗೆ ಸಿಕ್ಕ ಜಾಮೀನು. ಅಮ್ಮ ಮಾತ್ರ ಬೈಯಲಿಲ್ಲ. ತೊಳೆದ ಸಂಪನ್ನು ಇಣುಕಿ ನೋಡಿ, "ನಾಳೆ ನಂಜಮ್ಮೋರಿಗೆ ಏನೋ ಕೊಡ್ಲಿ ಕುಡಿಯೋಕೆ?" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಬೀದಿಯ ಗ್ರೂಪಿನಲ್ಲಿ ತಪ್ಪೊಪ್ಪಿಗೆ ಹಾಕಿದೆ. ಬಂದ ಉತ್ತರಗಳನ್ನು ಇಲ್ಲಿ ಬರೆಯುವಂತಿಲ್ಲ. ಟ್ಯಾಂಕರಿನವನಿಗೆ ಫೋನ್ ಮಾಡಿದರೆ, ಇಡೀ ಬೀದಿಯೇ ಕರೆದಿದೆ, ಸೋಮವಾರ ನೋಡೋಣ ಎಂದ. ಕೊನೆಗೆ ಅಸಲಿ ಗಂಗಣ್ಣನಿಗೇ ಫೋನ್ ಮಾಡಿ ಗೋಗರೆದೆ. ಆತ ಎಲ್ಲ ಕೇಳಿ, "ಎಲ್ಲಿ, ನನ್ ಥರ ಒಂದ್ಸಲ ಮಾತಾಡು ನೋಡಾಣ" ಎಂದ. ಮಾತಾಡಿದೆ. ಬಹಳ ಹೊತ್ತು ನಕ್ಕು, "ನೋಡ್ತೀನಿ ಬುಡು" ಎಂದು ಇಟ್ಟುಬಿಟ್ಟ.

ಭಾನುವಾರ ಬೆಳಿಗ್ಗೆ ಪುರೋಹಿತರು ಬಂದರು, ಗುಬ್ಬಿ ಅತ್ತೆ ಬಂದರು, ಅಡುಗೆಯವರು ಕ್ಯಾನ್ ನೀರಿನಲ್ಲಿ ಬೇಳೆ ಬೇಯಲಿಟ್ಟು ಗೊಣಗತೊಡಗಿದರು. ಅಷ್ಟರಲ್ಲಿ ಬೀದಿಯ ಗ್ರೂಪಿನಲ್ಲಿ ಗಂಗಣ್ಣನ ದನಿ: "ಅಕ್ಕೋರೇ, ನೀರ್ ಬುಟ್ಟಿದೀನಿ, ಬೇಗ ಹಿಡ್ಕಳಿ." ಅಮ್ಮ ಸರ್ರನೆ ನನ್ನತ್ತ ತಿರುಗಿ, "ಲೋ, ಇವತ್ತಾದ್ರೂ ಬಾಯ್ ಮುಚ್ಕೊಂಡಿರೋ!" ಎಂದರು. ನನ್ನ ಬಾಯಿತುಂಬ ಉಪ್ಪಿಟ್ಟಿತ್ತು. ಎದುರು ಮನೆಯವರು ಸಾಕಪ್ಪಾ ನಿನ್ನ ಆಟ ಎಂದು ಕಿಟಕಿಯಿಂದಲೇ ಕೈಮುಗಿದರು. ಖಾಲಿ ಪೈಪಿನ ಗಾಳಿಗೇ ನೀರಿನ ಮೀಟರ್ ತಿರುಗಿ ಬಿಲ್ ಏರುತ್ತದೆಂದು ಸಂಪಿನ ವಾಲ್ವ್ ತಿರುಗಿಸಿ ಮುಚ್ಚಿದ್ದ ಅಪ್ಪ ಕೂತಲ್ಲಿಂದ ಏಳಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಏಳಲಿಲ್ಲ. ಯಾರೋ ನನ್ನದೇ ಇನ್ನೊಂದು ಹಳೆಯ ರೆಕಾರ್ಡಿಂಗ್ ಹಾಕಿದ್ದಾರೆ ಎಂದುಕೊಂಡು, ಅಬ್ಬಾ, ಏನು ಚೆನ್ನಾಗಿ ಮಾಡಿದ್ದೀನಿ ಎಂದು ನನ್ನನ್ನೇ ಮೆಚ್ಚಿಕೊಳ್ಳುತ್ತಿದ್ದೆ.

ಆಗ ಕಾರಿನಿಂದಿಳಿದ ನಂಜಮ್ಮನವರು ಕಾಲು ತೊಳೆಯಲು ಗೇಟಿನ ಬಳಿಯ ನಲ್ಲಿ ತಿರುಗಿಸಿದರು. ನಲ್ಲಿ ಒಮ್ಮೆ ಸೀನಿ, ಭರ್ರೆಂದು ನೀರು ಕಾರಿತು. "ಏನ್ರೀ ಇದು, ನೀರ್ ಬಂದದೆ, ಎಲ್ರೂ ಹಿಂಗ್ ಕೂತಿದೀರ?" ಎಂದು ಅವರು ಕೂಗಿದ್ದೇ ತಡ, ಅಪ್ಪ ವಾಲ್ವಿನತ್ತ ಓಡಿದರು, ಬೀದಿಗೆ ಬೀದಿಯೇ ಕೊಡ ಹಿಡಿದು ಓಡಿತು. ಗಂಗಣ್ಣನ ಮಾತಿಗೆ ಆಗದ ಕೆಲಸ ಬೀಗಿತ್ತಿಯ ಒಂದು ಕೂಗಿಗೆ ಆಯಿತು.

ಅಮ್ಮ ಹೊಸ ನೀರನ್ನು ಸೋಸಿ, ಕಾಯಿಸಿ, ಆರಿಸಿ, ಲೋಟ ತಂದಿಟ್ಟು ಉಸಿರು ಹಿಡಿದು ನಿಂತರು. ನಂಜಮ್ಮನವರು ಬೆಳಕಿಗೆ ಹಿಡಿದರು, ಕುಡಿದರು, ಲೋಟ ಮುಂದೆ ಚಾಚಿ, "ಇನ್ನೊಂದೀಟು ಹಾಕಿ" ಎಂದರು. ಅಮ್ಮನ ಮುಖ ನೋಡಬೇಕಿತ್ತು. ಆ ನಗುವನ್ನು ಮಾತ್ರ ನನಗೆ ಇಂದಿಗೂ ಅನುಕರಿಸಲು ಬಂದಿಲ್ಲ.

ಊಟಕ್ಕೆ ಮುಂಚೆ ನಾಮಕರಣ. ಹಿರಿಯರೆಲ್ಲ ಒಬ್ಬೊಬ್ಬರಾಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದ ಮೇಲೆ ಸೋದರಮಾವನಾದ ನನ್ನ ಸರದಿ ಬಂತು. ಅಷ್ಟರೊಳಗೆ ಅಕ್ಕ ಕಥೆಯನ್ನೆಲ್ಲ ತನ್ನ ಅತ್ತೆಗೆ ಊದಿಬಿಟ್ಟಿದ್ದಳು. ನಾನು ಗಂಭೀರವಾಗಿ ಗಂಟಲು ಸರಿಮಾಡಿಕೊಂಡು ತೊಟ್ಟಿಲಿಗೆ ಬಗ್ಗಿದೆ. ನಂಜಮ್ಮನವರು ನನ್ನ ಭುಜ ಹಿಡಿದು ನಿಲ್ಲಿಸಿದರು.

"ಹೇಳಪ್ಪ, ಹೇಳು. ಆದ್ರೆ ನಿನ್ ಸ್ವಂತ ದನೀಲಿ ಹೇಳು, ಅದು ತನ್ ಹೆಸ್ರೇ ಅಂತ ನಮ್ ಮಗು ನಂಬಬೇಕು."