ಊಟವಿಲ್ಲದ ಫಂಕ್ಷನ್ನುಗಳು

ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು. ಸಮೀಕರಣ, ಫಂಕ್ಷನ್, ಗ್ರಾಫ್ ಎಲ್ಲ ನನ್ನ ಪಾಠಗಳು. "ಈ ವಾರ ಪೂರ್ತಿ ಫಂಕ್ಷನ್ ಐತೆ, ಯಾರೂ ರಜಾ ಕೇಳಬೇಡ್ರಿ" ಅಂದರೆ, "ಊಟಕ್ಕೇನು ಮೇಡಂ?" ಅಂತ ಹಿಂದಿನ ಬೆಂಚಿನಿಂದ ಒಂದು ದನಿ ಬರದ ವರ್ಷವೇ ಇಲ್ಲ. ಅದರಲ್ಲೂ ಸಮೀಕರಣ ಒತ್ತಿದರೆ ಗ್ರಾಫ್ ಬಿಡಿಸಿ ತೋರಿಸುವ ಆನ್‌ಲೈನ್ ಗ್ರಾಫ್ ಕ್ಯಾಲ್ಕುಲೇಟರ್ ಹಿಡಿದು ಪಾಠ ಶುರು ಮಾಡಿದ ಮೇಲಂತೂ, ವರ್ಗವಾಗಿ ಯಾವ ಊರಿಗೆ ಹೋದರೂ ಇಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡೇ ಬರುತ್ತವೆ.

ಲೇಟು

ಜಗಳೂರಿನಲ್ಲಿದ್ದಾಗ ಸೊಕ್ಕೆಯಿಂದ ಬರುವ ಹುಡುಗಿಯೊಬ್ಬಳು ದಿನಾ ಹತ್ತು ನಿಮಿಷ ತಡ. ತಪ್ಪು ಬಸ್ಸಿನದು, ಬೈಗುಳ ಮಾತ್ರ ಅವಳಿಗೆ.

ಒಂದು ದಿನ ಪ್ರೊಜೆಕ್ಟರ್ ಹಾಕಿ ಎಕ್ಸ್ ಸ್ಕ್ವೇರಿನ ಗ್ರಾಫನ್ನು ಗೋಡೆಯ ಮೇಲೆ ತೋರಿಸಿದೆ. ನಟ್ಟನಡುವೆ ಚೆನ್ನಾಗಿ ಕೂತಿತ್ತು. ಎಕ್ಸ್ ಇದ್ದಲ್ಲಿ 'ಎಕ್ಸ್ ಮೈನಸ್ ಹತ್ತು' ಅಂತ ಒತ್ತಿದೆ. ಗ್ರಾಫ್ ಹತ್ತು ಮನೆ ಬಲಕ್ಕೆ ಓಡಿತು.

"ಮೈನಸ್ ಅಂದ್ರೆ ಎಡಕ್ಕೆ ಹೋಗಬೇಕಲ್ರೀ ಮೇಡಂ? ಕಂಪ್ಯೂಟರ್ ಕೆಟ್ಟೈತೆ!" ಅಂತ ಇಡೀ ಕ್ಲಾಸು ಕೂಗಿತು. ಎರಡು ಸಲ ವಿವರಿಸಿದೆ. ಯಾರಿಗೂ ತಲೆಗೆ ಹೋಗಲಿಲ್ಲ.

ಬಾಗಿಲಲ್ಲಿ ಬಂದು ನಿಂತಿದ್ದ ಸೊಕ್ಕೆ ಹುಡುಗಿ ಬಾಯಿ ಹಾಕಿದಳು. "ಕೆಟ್ಟಿಲ್ಲ ಮೇಡಂ. ನಮ್ಮ ಬಸ್ಸಿನ ಟೈಮು ಒಂಬತ್ತು, ಬರೋದು ಒಂಬತ್ತೂ ಹತ್ತಕ್ಕೆ. ಗಡಿಯಾರದಾಗೆ ಹತ್ತು ಕಳೆದ್ರೆ ತಾನೆ ಬಸ್ ಸ್ಟ್ಯಾಂಡ್ ಬೋರ್ಡಿನ ಮೇಲಿರೋ ಟೈಮು ಸಿಗೋದು? ಕಳೆಯೋದು ಹತ್ತು, ಬಸ್ಸು ಸರಿಯೋದು ಮುಂದಕ್ಕೆ."

ಕ್ಲಾಸೆಲ್ಲ "ಓಹೋ" ಅಂದಿತು. ಇಷ್ಟು ವರ್ಷದಲ್ಲಿ ನನಗೇ ಹೊಳೆಯದ ವಿವರಣೆ! ಒಳಗೊಳಗೇ ಹಿಗ್ಗಿದರೂ ಬಿಗುಮಾನ ಬಿಡದೆ, "ಅದೆಲ್ಲ ಸರಿ, ಇವತ್ತೂ ಲೇಟೇ ಅಲ್ವಾ?" ಅಂದೆ.

"ಲೇಟಲ್ಲ ಮೇಡಂ, ಹತ್ತು ಮನೆ ಬಲಕ್ಕೆ ಸರಿದೀನಿ ಅಷ್ಟೆ."

ಪಾತ್ರೆ ಸಾಮಾನು

ಹೊನ್ನಾಳಿಯಲ್ಲಿ ಒಬ್ಬ ತಾಯಿ ಮಗಳ ಕೈ ಹಿಡಿದುಕೊಂಡು ಸ್ಟಾಫ್ ರೂಮಿಗೇ ಬಂದರು. ಮುಖ ಕೆಂಪಗಾಗಿತ್ತು.

"ಮೇಡಮ್ಮೋರೆ, ಓದ್ಕೋ ಅಂತ ಮೊಬೈಲ್ ಕೊಡಿಸಿದ್ರೆ ಇವಳು ದಿನಾ ಅದ್ರಾಗೆ ರಂಗೋಲಿ ಬಿಡಿಸ್ತಾಳೆ. ಕೇಳಿದ್ರೆ ಗಣಿತ ಅಂತಾಳೆ. ಕಾಲೇಜು ಬಿಡಿಸಿಬಿಡ್ತೀನಿ!"

ಹುಡುಗಿ ಕಣ್ಣಲ್ಲಿ ನೀರು. ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗಿ ಅವಳು. ನಾನು ಆ ಮೊಬೈಲಿನಲ್ಲಿ ಗ್ರಾಫ್ ತೆರೆದು ತಾಯಿಯ ಕೈಗೇ ಕೊಟ್ಟು, "ಎಕ್ಸ್ ಸ್ಕ್ವೇರಿನ ಮುಂದಿರೋ ಈ ನಂಬರನ್ನ ಬೆರಳಲ್ಲಿ ಹಿಂದೆ ಮುಂದೆ ಎಳೀರಿ" ಅಂದೆ.

ಅವರು ಅನುಮಾನದಿಂದಲೇ ಎಳೆದರು. ನಂಬರು ಹೆಚ್ಚಾಯಿತು, ಗ್ರಾಫ್ ಕಿರಿದಾಯಿತು. "ಲೋಟ ಆತಲ್ರೀ!" ಇಳಿಸಿದರು. "ಈಗ ಬಾಣಲೆ." ಇನ್ನೂ ಇಳಿಸಿದರು. "ಊಟದ ತಟ್ಟೆ!" ಸೊನ್ನೆಗೆ ತಂದರು. ಗ್ರಾಫ್ ಚಪ್ಪಟೆಯಾಯಿತು. "ಅಯ್ಯೋ, ದೋಸೆ ಹೆಂಚು!"

"ಇದೇ ನೋಡ್ರಿ ಪಾಠ. ಇಡೀ ಕ್ಲಾಸಿಗೆ ಒಂದು ವಾರ ಹಿಡಿದಿದ್ದು ನಿಮಗೆ ಐದು ನಿಮಿಷಕ್ಕೆ ಬಂತು" ಅಂದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರಂತೆ. ಸೆರಗು ಸರಿಮಾಡಿಕೊಂಡು, ತಲೆ ಎತ್ತಿ ನಡೆದು ಹೋದರು.

ಮರುವಾರ ಮಗಳು ಹೋಮ್‌ವರ್ಕ್ ಮಾಡಿರಲಿಲ್ಲ. ಯಾಕೆ ಅಂದೆ.

"ಅವ್ವ ಮೊಬೈಲೇ ಕೊಡ್ತಿಲ್ಲ ಮೇಡಂ."

ಡಿಗ್ರಿ

ಚನ್ನಗಿರಿಯಲ್ಲಿ ಮೇಲಧಿಕಾರಿಯೊಬ್ಬರು ತಪಾಸಣೆಗೆ ಬಂದು ನನ್ನ ಕ್ಲಾಸಿನಲ್ಲೇ ಕೂತರು. ನಾನು ಜಂಬದಿಂದ, "ಈಗ ಸೈನ್ ಎಕ್ಸ್ ನೋಡಿ, ಅಲೆ ಅಲೆಯಾಗಿ ಬರುತ್ತೆ" ಅಂತ ಒತ್ತಿದೆ. ಅಲೆ ಎಲ್ಲಿ ಬಂತು? ಒಂದು ಗೆರೆ ನೆಲಕ್ಕಂಟಿ ಮಲಗಿತ್ತು. ಇನ್ನೊಮ್ಮೆ ಒತ್ತಿದೆ. ಅಲ್ಲಾಡಲಿಲ್ಲ. ಅಧಿಕಾರಿ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು.

ಉಬ್ರಾಣಿಯ ಹುಡುಗಿಯೊಬ್ಬಳು ಮೆಲ್ಲಗೆ ಎದ್ದು ನಿಂತಳು. "ಮೇಡಂ, ಅದರಾಗೆ ಕೋನದ ಅಳತೆ ಡಿಗ್ರೀಲಿ ಐತೆ. ಅದಕ್ಕೇ ಮಲಗೈತೆ. ರೇಡಿಯನ್ ಮಾಡ್ರಿ, ಏಳ್ತೈತೆ." ಮಾಡಿದೆ. ಅಲೆ ಎದ್ದು ಕುಣಿಯಿತು. ಅಧಿಕಾರಿ ನನ್ನನ್ನು ಬಿಟ್ಟು ಅವಳನ್ನು ಹೊಗಳಿದರು. ನನಗೆ ಬೇಕಿದ್ದದ್ದೂ ಅದೇ.

ಟೀ ತಂದಿದ್ದ ನಮ್ಮ ಅಟೆಂಡರಮ್ಮ ಟ್ರೇ ಹಿಡಿದು ಎಲ್ಲ ನೋಡುತ್ತಿದ್ದವರು ಅಧಿಕಾರಿಯನ್ನೇ ಕೇಳಿದರು:

"ಸಾಹೇಬ್ರೆ, ನನ್ನ ಮಗನೂ ಡಿಗ್ರಿ ಆದಾಗಿಂದ ಹಿಂಗೇ ಮಲಗ್ಯಾನೆ. ಅವನಿಗೂ ಈ ರೇಡಿಯನ್ ಮಾಡಾಕೆ ಬರ್ತೈತೇನ್ರೀ?"

ಗ್ರಾಫಿನಲ್ಲಿ ಬಿಡಿಸಿದ ಮುಖ

ಈಗಿರುವುದು ನ್ಯಾಮತಿಯಲ್ಲಿ. ಬರೀ ಸಮೀಕರಣ ಹಾಕಿ, ಗ್ರಾಫ್ ಕ್ಯಾಲ್ಕುಲೇಟರಿನಲ್ಲಿ ಚಿತ್ರ ಬಿಡಿಸುವ ಸ್ಪರ್ಧೆ ಇಟ್ಟೆ. ಮನೆ, ಬಾತುಕೋಳಿ, ಟ್ರ್ಯಾಕ್ಟರ್ ಎಲ್ಲ ಬಂದವು. ಕೊನೆಗೆ ಮೂವರು ಹುಡುಗಿಯರು ತಮ್ಮದನ್ನು ಪರದೆ ಮೇಲೆ ತೆರೆದರು. ಮುಖಕ್ಕೊಂದು ದೊಡ್ಡ ವೃತ್ತ. ಕನ್ನಡಕಕ್ಕೆ ಒಂದೇ ಸಣ್ಣ ವೃತ್ತವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಸಿದ್ದರು. ನಡುವೆ ಬೊಟ್ಟು. ಬಾಯಿಗೆ ಎಕ್ಸ್ ಸ್ಕ್ವೇರನ್ನು ಅಗಲ ಮಾಡಿ, ಕೆಳಗಿಳಿಸಿ, ಮೈನಸ್ ಹಾಕಿ ಬೋರಲು ಹಾಕಿದ್ದರು. ಒಂದು ತಪ್ಪಿಲ್ಲ. ಹೆಸರು ಬರೆದಿರದಿದ್ದರೂ ಇಡೀ ಹಾಲ್ ನನ್ನ ಕಡೆ ತಿರುಗಿತು.

ನನಗೆ ನಗು ಬರುತ್ತಿತ್ತು, ತಡೆದುಕೊಂಡು ಕೇಳಿದೆ. "ಯಾಕ್ರಮ್ಮ, ಬಾಯಿ ಹಿಂಗ್ಯಾಕೆ?"

"ಅದು ನೀವು ನಮ್ಮ ಪೇಪರ್ ತಿದ್ದೋ ಮುಖ ಮೇಡಂ" ಅಂದಳು ಒಬ್ಬಳು. ಇನ್ನೊಬ್ಬಳು ಹೋಗಿ ಮೈನಸ್ ಅಳಿಸಿದಳು. ಬಾಯಿ ಮೇಲಕ್ಕೆ ತಿರುಗಿ, ಮುಖ ಕಿವಿತನಕ ನಕ್ಕಿತು. "ಇದು ನಮ್ಮ ರಿಸಲ್ಟ್ ಬಂದಾಗಿನ ಮುಖ."

ಚಪ್ಪಾಳೆಯೋ ಚಪ್ಪಾಳೆ. ನನ್ನ ಕಣ್ಣು ಮಂಜಾಯಿತು. ಮೊದಲ ಬಹುಮಾನ ಅವರಿಗೇ ಅಂತ ನಾನು ಹೇಳುವಷ್ಟರಲ್ಲಿ, ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಪ್ರಿನ್ಸಿಪಾಲರು ಪರದೆಯನ್ನು ದಿಟ್ಟಿಸಿ ನೋಡಿ, ನನ್ನ ಕಡೆ ಬಾಗಿ ಕೇಳಿದರು:

"ಮೊದಲನೇದು ನೀವು ಅಂತ ತಕ್ಷಣ ಗೊತ್ತಾತು ಮೇಡಂ. ಈ ಎರಡನೇವರು ಯಾರು?"