ಗಂಗಾಧರಸ್ವಾಮಿಯ ಮುನಿಸು

ಈಗ ನಮ್ಮ ನಡುವೆ ಇಲ್ಲದ ಗಂಗಾಧರಸ್ವಾಮಿಯನ್ನು ನೆನೆದು ಅಳಲು ಕೂತರೂ ನಗು ಬರುತ್ತದೆ. ಅವನ ಮನಶ್ಶಾಸ್ತ್ರ ಅಂಥದು.

ಚಾಮರಾಜನಗರದಲ್ಲಿ ಮೇಷ್ಟ್ರುಗಳಿಗೆ ನಡೆದ ಮನಶ್ಶಾಸ್ತ್ರದ ತರಬೇತಿ ಮುಗಿಸಿ ಗುಂಡ್ಲುಪೇಟೆಯಲ್ಲಿ ಬಸ್ಸಿಳಿದಾಗ ಅವನ ಕಾಲು ನೆಲದ ಮೇಲಿರಲಿಲ್ಲ. ಇಡೀ ಮನುಕುಲ ಒಂದೇ ಏಟಿಗೆ ಅರ್ಥವಾಗಿಬಿಟ್ಟಿತ್ತು! ಟವೆಲ್ ಎಸೆದು ಸೀಟು ಹಿಡಿದವನಿಗೆ ಅಭದ್ರತೆ. ಕಿಟಕಿ ಮುಚ್ಚಲು ಬಿಡದ ಅಜ್ಜಿಗೆ ಬಾಲ್ಯದ ಕೊರತೆ. (ತನಗೆ ಏನು ಎಂದು ಅವನು ಯೋಚಿಸಲಿಲ್ಲ.)

ಶಾಸ್ತ್ರವನ್ನು ಪ್ರಯೋಗಿಸಲು ಮನೆಯಲ್ಲೇ ಒಂದು ಸಂಕಟ ಕಾದಿತ್ತು. ಉಡಿಗಾಲ ಗ್ರಾಮದಲ್ಲಿ ಅಣ್ಣ ಚಿಕ್ಕಮಲ್ಲಪ್ಪನ ಗೃಹಪ್ರವೇಶ. ಅಪ್ಪ ಹೋದಮೇಲೆ ಅಪ್ಪನಾಗಿ ಸಾಕಿದ ಅಣ್ಣ. ಹೋಗದಿದ್ದರೆ ಸ್ವಾಮಿಗೆ ಅನ್ನ ಇಳಿಯುತ್ತಿರಲಿಲ್ಲ. ಆದರೆ ಅತ್ತಿಗೆ ದಾನೇಶ್ವರಿ ಮನೆಗೆ ಬಂದು ಕುಂಕುಮ ಕೊಟ್ಟು ಕರೆಯದೆ, ವಾಟ್ಸಾಪಿನಲ್ಲಿ ಕರೆದಿದ್ದಳು.

"ಕುಂಕುಮನೂ ವಾಟ್ಸಾಪಲ್ಲೇ ಬತ್ತದಾ? ಹಣೆಗೆ ಮೊಬೈಲ್ ಉಜ್ಕೊಳ್ಳಾ?" ಎಂದಳು ಹೆಂಡತಿ ಶಶಿರೇಖಾ. "ನಾನಂತೂ ಬರಾಕಿಲ್ಲ."

ಬೇಡ ಎಂದದ್ದನ್ನೇ ಮನಸ್ಸು ಬೇಕು ಅನ್ನುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಸ್ವಾಮಿ ಎದ್ದು ನಿಂತು ಗುಡುಗಿದ.

"ನೀ ಹೇಳೋದೇ ಸರಿ! ನೀನು ಹೋಗ್ತೀನಿ ಅಂದ್ರೂ ನಾನು ಬಿಡಲ್ಲ. ಆ ಮನೆ ಹೊಸಲು ತುಳಿಯಲ್ಲ!"

ಈಗ ಹಟಕ್ಕೆ ಬೀಳುತ್ತಾಳೆ ಎಂದು ಉಸಿರು ಬಿಗಿಹಿಡಿದು ಕಾದ. ಶಶಿರೇಖಾಳ ಕಣ್ಣು ತುಂಬಿತು.

"ಮದ್ವೆಯಾದ್ಮೇಲೆ ಇದೇ ಮೊದಲು ಕಣ್ರೀ, ನೀವು ನನ್ನ ಪರ ನಿಂತಿದ್ದು" ಎಂದವಳು ಸೀದಾ ಅಡುಗೆಮನೆಗೆ ಹೋಗಿ ಒಬ್ಬಟ್ಟಿಗೆ ಬೇಳೆ ಇಟ್ಟಳು. ಬೇಳೆ ಬೇಯುವಷ್ಟರಲ್ಲಿ ಗಂಡನ ಶಪಥವನ್ನು ಫೋನಿನಲ್ಲಿ ನೆಂಟರಿಗೆಲ್ಲ ಹೆಮ್ಮೆಯಿಂದ ಸಾರಿಯೂ ಬಿಟ್ಟಳು.

ಶಾಸ್ತ್ರ ಫಲಿಸಲು ಸ್ವಲ್ಪ ಸಮಯ ಬೇಕಾಗುತ್ತದೆ ಎಂದುಕೊಂಡು ಸ್ವಾಮಿ ಒಬ್ಬಟ್ಟು ತಿಂದ.

ಮರುದಿನವೇ ಬಾಗಿಲಲ್ಲಿ ಅಣ್ಣ, ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿದ ಅತ್ತಿಗೆ.

"ತಪ್ಪಾಯ್ತು ಕಣಮ್ಮಿ ರೇಖಾ, ಮನೆ ಕೆಲ್ಸದಲ್ಲಿ ಬರಕ್ಕಾಗ್ನಿಲ್ಲ" ಎಂದಳು ದಾನೇಶ್ವರಿ.

"ಅಯ್ಯೋ ಬುಡಕ್ಕ, ನಾವ್ ನಾವೇ!" ಎಂದಳು ಶಶಿರೇಖಾ. ಓರಗಿತ್ತಿಯರಿಬ್ಬರೂ ತಬ್ಬಿಕೊಂಡರು.

ಅಣ್ಣ ಮಾತ್ರ ಕೂರಲಿಲ್ಲ. "ನನ್ನ ಮನೆ ಹೊಸಲು ತುಳಿಯಾಕಿಲ್ಲ ಅಂದ್ಯಂತಲ್ಲಾ ಸ್ವಾಮಿ. ನಾನೇನ್ ತಪ್ಪು ಮಾಡ್ದೆ, ಏಳ್ಲಾ." ಅಣ್ಣ ಟವೆಲಿನಿಂದ ಕಣ್ಣೊರೆಸಿಕೊಂಡ.

ಸ್ವಾಮಿ ಇಕ್ಕಟ್ಟಿಗೆ ಸಿಕ್ಕಿದ. ನಿಜ ಹೇಳಿದರೆ, ಗಂಡ ನನ್ನ ಪರ ನಿಂತ ಎಂಬ ಹೆಂಡತಿಯ ಹೆಮ್ಮೆ ಮಣ್ಣುಪಾಲು. ಹೇಳದಿದ್ದರೆ ಅಣ್ಣನ ಕಣ್ಣೀರು.

"ಅದು... ರೇಖಾಗೆ ಬೇಜಾರಾಗಿತ್ತಲ್ಲ, ಅದಕ್ಕೆ..."

"ನಂಗಾ? ಅಷ್ಟಕ್ಕೆಲ್ಲ ನಾನ್ಯಾಕ್ ಬೇಜಾರ್ ಮಾಡ್ಕೊಳ್ಲಿ ಭಾವ!" ಶಶಿರೇಖಾ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಹೊಸಲು ತುಳಿಯಲ್ಲ ಅಂದಿದ್ದು ಇವ್ರೇ. ಟ್ರೈನಿಂಗಿಂದ ಬಂದಾಗಿಂದ ಒಂಥರಾ ಆಗವ್ರೆ."

ಅಣ್ಣ ಮೆತ್ತಗೆ ಸ್ವಾಮಿಯ ಬೆನ್ನು ಸವರಿದ. "ಓಗ್ಲಿ ಬುಡು. ಚಿಕ್ಕಂದಿನಿಂದ್ಲೂ ಮುನಿಸ್ಕೊಳ್ಳೋ ಬುದ್ಧಿ ನಿಂದು. ಬಾ, ನಮ್ ಜೊತೆಗೇ ಓಗನ."

ಗೃಹಪ್ರವೇಶದ ಪಂಕ್ತಿಯಲ್ಲಿ ಬಡಿಸುವವರೆಲ್ಲ ಸ್ವಾಮಿಯ ಎಲೆಯ ಮುಂದೆ ಬಗ್ಗಿ, ಕೈಮುಗಿಯುವುದೊಂದೇ ಬಾಕಿ ಎಂಬಂತೆ ಬೇಡಿಕೊಂಡರು. ಸಾಕು ಎನ್ನಲು ಅವನು ಬಾಯಿ ತೆರೆದಾಗಲೆಲ್ಲ ಪಕ್ಕದಿಂದ ಅಣ್ಣನೇ ಕೂಗುತ್ತಿದ್ದ:

"ಬ್ಯಾಡ ಅಂದ್ರೂ ಬುಡಬ್ಯಾಡಿ, ಇನ್ನೆರಡು ಒಬ್ಬಟ್ಟು ಆಕಿ! ಕ್ವಾಪ ಇನ್ನೂ ಪೂರ್ತಿ ಓಗಿಲ್ಲ!"